ಬಿಟ್ಟಿ ಸಾಫ್ಟ್‌ವೇರ್ ಇಳಿಸಿದೆ, ಫೇಸ್‌ಬುಕ್ ಹೋಯಿತು. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಅನ್ನುತ್ತದೆ!

ತೋಟದಮನೆ, ಶಿರಸಿ

ನಮಸ್ಕಾರ. ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಒಂದೂವರೆ ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಕೊನೆ ಕೊಯ್ದವರ ಸಂಬಳ, ಚಾಲಿ ಎಷ್ಟು, ಕೆಂಪಡಿಕೆ ಎಷ್ಟು, ಯಾವತ್ತು ಯಾವ ರೇಟಿಗೆ ಕೊಟ್ಟೆ, ಎಲ್ಲ ಲೆಕ್ಕ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿದೆ. ವಿಂಡೋಸ್ 10.

ಕಳೆದ ಭಾನುವಾರ ಪೆದ್ದು ಕೆಲಸ ಮಾಡಿದೆ. ದುಡ್ಡು ಕೊಟ್ಟು ತಗೊಳ್ಳಬೇಕಾದ ಲೆಕ್ಕದ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ ಎಂದು ಯಾವುದೋ ಯೂಟ್ಯೂಬ್ ವಿಡಿಯೊದಲ್ಲಿ ನೋಡಿದೆ. ಕೆಳಗೆ ಲಿಂಕ್ ಇತ್ತು. ಜಿಪ್ ಫೈಲ್, ಪಾಸ್‌ವರ್ಡ್ 1234. ಮೊದಲು ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಕ್ರ್ಯಾಕ್ ನಡೆಯಲ್ಲ ಎಂದು ಬರೆದಿತ್ತು. ಆಫ್ ಮಾಡಿದೆ. ಸೆಟಪ್ ಒತ್ತಿದೆ. ಒಂದು ಕಪ್ಪು ಕಿಟಕಿ ರಪ್ಪನೆ ಬಂದು ಹೋಯಿತು, ಅಷ್ಟೇ. ಸಾಫ್ಟ್‌ವೇರ್ ಬರಲೇ ಇಲ್ಲ. ಫೈಲ್ ಹಾಳಾಗಿರಬೇಕು ಎಂದುಕೊಂಡು ಊಟಕ್ಕೆ ಎದ್ದೆ.

ಬುಧವಾರ ಹೊನ್ನಾವರದ ಭಾವ ಫೋನ್ ಮಾಡಿದ. "ಏನೋ, ಅಡಿಕೆ ಬಿಟ್ಟು ಬಿಟ್‌ಕಾಯಿನ್ ಶುರು ಮಾಡಿದ್ಯಾ?" ಎಂದು ಕೇಳಿದ. ನೋಡಿದರೆ ನನ್ನ ಫೇಸ್‌ಬುಕ್‌ನಲ್ಲಿ ಯಾರೋ ಬರೆಯುತ್ತಿದ್ದಾರೆ. ಜಿಮೇಲ್‌ಗೂ ಬೇರೆ ದೇಶದಿಂದ ಯಾರೋ ಹೊಕ್ಕಿದ್ದಾರೆ. ನನಗೆ ಅರ್ಥ ಆಗದ್ದು ಇದು: ಎರಡಕ್ಕೂ ಒಟಿಪಿ ಹಾಕಿಟ್ಟಿದ್ದೆ. ಮೊಬೈಲ್‌ಗೆ ಒಂದು ಒಟಿಪಿಯೂ ಬರಲಿಲ್ಲ.

ಈಗ ಆಂಟಿವೈರಸ್ ಆನ್ ಮಾಡಿ ಸ್ಕ್ಯಾನ್ ಕೊಟ್ಟೆ. ಏನೂ ಇಲ್ಲ ಅನ್ನುತ್ತದೆ. ಏನೂ ಇಲ್ಲದೆ ಇಷ್ಟೆಲ್ಲ ಆಗುತ್ತದಾ? ಮಗಳ ಮದುವೆಯ ಫೋಟೊ, ಆರು ವರ್ಷದ ಲೆಕ್ಕ ಅದರಲ್ಲೇ ಇದೆ. ಹೋಗಬಾರದು.

ಕಾರವಾರ ಬೀಚ್

ಫಾರ್ಮ್ಯಾಟ್ ಹೊಡೀರಿ ಅಣ್ಣ. ಅರ್ಧ ಗಂಟೆ ಕೆಲಸ.

ಕುಮಟಾ ರಿಪೇರಿ

ಫಾರ್ಮ್ಯಾಟ್ ಆಮೇಲೆ. ಈಗಲೇ ಆ ಲ್ಯಾಪ್‌ಟಾಪ್‌ನ ವೈಫೈ ತೆಗೆದು, ಮೊಬೈಲ್ ಕೈಗೆ ತಗೊಳ್ಳಿ. ತೋಟಕ್ಕೆ ಬಂದ ಮಂಗನನ್ನು ಓಡಿಸಬಹುದು, ತಿಂದ ಕಾಯಿ ವಾಪಸ್ ಬರುತ್ತದಾ? ನಿಮ್ಮ ಮಂಗ ಭಾನುವಾರವೇ ತಿಂದು ಹೋಗಿದೆ. ಕಾರವಾರದವರು ಹೇಳಿದ ಹಾಗೆ ಬರೀ ಫಾರ್ಮ್ಯಾಟ್ ಮಾಡಿದರೆ ಖಾಲಿ ತೋಟಕ್ಕೆ ಬೇಲಿ ಹಾಕಿದಂತೆ.

ಇದು ಟ್ರೋಜನ್. ಅಂದರೆ ಬೇರೆ ಏನೋ ಎಂದು ಹೇಳಿಕೊಂಡು ಒಳಗೆ ಬರುವುದು. ವೈರಸ್‌ನ ಹಾಗೆ ತಾನಾಗಿ ಹರಡುವುದಿಲ್ಲ, ಬಾಗಿಲು ನಾವೇ ತೆಗೆಯಬೇಕು. ಅದರಲ್ಲೂ ನಿಮ್ಮದು ಸ್ಟೀಲರ್, ಅಂದರೆ ಮಾಹಿತಿ ಕದಿಯುವ ಜಾತಿಯದು, ನೀವು ಹೇಳಿದ ಲಕ್ಷಣ ಎಲ್ಲ ಅದರದ್ದೇ. ರೆಡ್‌ಲೈನ್, ಲುಮ್ಮಾ ಅಂತೆಲ್ಲ ಹೆಸರು. ಮಾಡುವವನೊಬ್ಬ, ತಿಂಗಳ ಬಾಡಿಗೆಗೆ ತಗೊಂಡು ಹರಡುವವನು ಇನ್ನೊಬ್ಬ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶದವರು ಸೇರಿ ಲುಮ್ಮಾದ ಜಾಲ ಮುರಿದರು. ಆಗ ಸಿಕ್ಕ ಲೆಕ್ಕದಲ್ಲಿ ಬರೀ ಎರಡು ತಿಂಗಳಿಗೆ 3,94,000ಕ್ಕೂ ಜಾಸ್ತಿ ವಿಂಡೋಸ್ ಕಂಪ್ಯೂಟರ್‌ಗಳು. ಹಾಗಾಗಿ ಒಬ್ಬರೇ ಪೆದ್ದಾದೆ ಅಂತ ಬೇಜಾರು ಬೇಡ.

ಇದು ಒಳಗೆ ಬಂದ ಕೂಡಲೇ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕೀ ಎಲ್ಲ ಬಾಚಿ ಕಳಿಸುತ್ತದೆ. ನಿಮಿಷಗಳ ಕೆಲಸ. ಎಷ್ಟೋ ಸಲ ಕಳಿಸಿದ ಮೇಲೆ ತನ್ನನ್ನೇ ಅಳಿಸಿಕೊಂಡು ಹೋಗುತ್ತದೆ. ನಿಮ್ಮ ಸ್ಕ್ಯಾನ್‌ಗೆ ಏನೂ ಸಿಗದ್ದು ಅದಕ್ಕೇ ಇರಬಹುದು. ಜಿಪ್‌ಗೆ ಪಾಸ್‌ವರ್ಡ್ ಹಾಕಿದ್ದೂ ಸುಮ್ನೆ ಅಲ್ಲ. ಬೀಗ ಹಾಕಿದ ಡಬ್ಬಿಯೊಳಗೆ ಆಂಟಿವೈರಸ್ ಇಣುಕಲಾರದು.

ಒಟಿಪಿ ಯಾಕೆ ಬರಲಿಲ್ಲ? ಯಕ್ಷಗಾನದ ಟೆಂಟ್ ನೆನಪಿದೆಯಲ್ವಾ. ಟಿಕೆಟ್ ಕೊಟ್ಟು ಒಳಗೆ ಹೋದವರು ನಡುವೆ ಚಾ ಕುಡಿಯಲು ಹೊರಗೆ ಬಂದರೆ ಗೇಟಿನವ ಒಂದು ಚೀಟಿ ಕೊಡುತ್ತಿದ್ದ. ವಾಪಸ್ ಹೋಗುವಾಗ ಅದನ್ನು ತೋರಿಸಿದರೆ ಸಾಕು, ಟಿಕೆಟ್ ಕೇಳುತ್ತಿರಲಿಲ್ಲ. ಕುಕೀ ಅಂದರೆ ಆ ಚೀಟಿ. ನೀವು ಒಟಿಪಿ ಕೊಟ್ಟು ಯಾವತ್ತೋ ಒಳಗೆ ಹೋಗಿದ್ದೀರಿ. ಕಳ್ಳ ಚೀಟಿ ಕದ್ದು ನಿಮ್ಮ ಹೆಸರಲ್ಲಿ ಕೂತು ಆಟ ನೋಡುತ್ತಿದ್ದಾನೆ.

ಅದಕ್ಕೆ ಮೊದಲು ಚೀಟಿ ರದ್ದು ಮಾಡಿ. ಮೊಬೈಲ್‌ನಿಂದ, ಆ ಲ್ಯಾಪ್‌ಟಾಪ್‌ನಿಂದ ಅಲ್ಲ. ಜಿಮೇಲ್‌ನಿಂದ ಶುರು ಮಾಡಿ, ಯಾಕೆಂದರೆ ಉಳಿದ ಎಲ್ಲದರ ಕೀಲಿ ಅಲ್ಲಿಗೇ ಬರುತ್ತದೆ. ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲಿ "ಯುವರ್ ಡಿವೈಸಸ್" ಎಂದಿರುತ್ತದೆ. ನಿಮ್ಮ ಮೊಬೈಲ್ ಒಂದನ್ನು ಬಿಟ್ಟು ಎಲ್ಲ ಸೈನ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇ ಇದೆಯಾ ನೋಡಿ. ಮೇಲ್ ಬೇರೆ ಕಡೆಗೆ ಫಾರ್ವರ್ಡ್ ಆಗುವ ಹಾಗೆ ಏನಾದರೂ ಹಾಕಿಟ್ಟಿದ್ದಾರಾ ಅಂತಲೂ ನೋಡಿ, ಇದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಫೇಸ್‌ಬುಕ್. ಆಮೇಲೆ ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಉಳಿಸಿದ್ದರೆ ಅದೂ. ದುಡ್ಡು ಹೋಗಿದ್ದು ಕಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಯಂತ್ರ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಸೆಟ್ಟಿಂಗ್ಸ್‌ನ ಕೆಳಗೆ "ಎಕ್ಸ್‌ಕ್ಲೂಷನ್ಸ್" ಎಂದಿದೆ, ಅದನ್ನು ನೋಡಿ. ಇಲ್ಲಿ ಸ್ಕ್ಯಾನ್ ಮಾಡಬೇಡ ಎಂದು ಬರೆದಿಡುವ ಜಾಗ ಅದು. ಎಷ್ಟೋ ಟ್ರೋಜನ್‌ಗಳು ಮೊದಲು ಅಲ್ಲಿ ತಮ್ಮ ಹೆಸರು ಬರೆಸಿಕೊಂಡಿರುತ್ತವೆ. ನೀವು ಹಾಕದ್ದು ಏನಿದ್ದರೂ ತೆಗೆಯಿರಿ. ಆಮೇಲೆ ಹತ್ತು ನಿಮಿಷ ನೆಟ್ ಕೊಟ್ಟು ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ "ಆಫ್‌ಲೈನ್ ಸ್ಕ್ಯಾನ್" ಆರಿಸಿ. ಅದು ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಅಡಗಿ ಕೂತದ್ದಕ್ಕೆ ಓಡಲು ಜಾಗ ಇರುವುದಿಲ್ಲ. ಹದಿನೈದು ನಿಮಿಷ ಹಿಡಿಯುತ್ತದೆ. ಚಾರ್ಜ್ ತುಂಬ ಇರಲಿ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನನಗೆ ಗೊತ್ತು. ಟಾಸ್ಕ್ ಶೆಡ್ಯೂಲರ್, ಸ್ಟಾರ್ಟಪ್ ಪಟ್ಟಿ, ಬ್ರೌಸರ್ ಎಕ್ಸ್‌ಟೆನ್ಷನ್‌ಗಳಲ್ಲೂ ನೀವು ಹಾಕದ್ದು ಏನಾದರೂ ಇದೆಯಾ ಒಮ್ಮೆ ನೋಡಿ.

ಇಷ್ಟಾದ ಮೇಲೂ ನಾನಾದರೆ ಫಾರ್ಮ್ಯಾಟ್ ಮಾಡಿಯೇ ಮಾಡುತ್ತೇನೆ. ನೀವು ಆ ಸೆಟಪ್‌ಗೆ "ಯೆಸ್" ಒತ್ತಿ ಅಡ್ಮಿನ್ ಹಕ್ಕು ಕೊಟ್ಟಿರುತ್ತೀರಿ. ಮನೆಯ ಕೀಲಿಕೈ ಕೊಟ್ಟ ಮೇಲೆ ಅವನು ಏನೇನು ಮಾಡಿ ಹೋದ ಅಂತ ಯಾರು ಹೇಳುವವರು? ಫೋಟೊ, ಲೆಕ್ಕದ ಶೀಟ್, ಪಿಡಿಎಫ್ ಮಾತ್ರ ಹೊರಗೆ ತೆಗೆದಿಡಿ. ಜಿಪ್, ಸೆಟಪ್ ಫೈಲ್ ಒಂದೂ ಬೇಡ. ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಂಡೋಸ್ ಇಳಿಸಿಕೊಂಡು ಹಾಕಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಲ್ಯಾಪ್‌ಟಾಪ್ ತಡೆಯುವುದಾದರೆ 11 ಹಾಕಿ. ಇಲ್ಲದಿದ್ದರೆ ಬರೀ ಲೆಕ್ಕಕ್ಕೆ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಸಾಕು, ಅದರ ಲೆಕ್ಕದ ಶೀಟಿನ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಲ್ಲಿ ಕನ್ನಡವೂ ಚೆನ್ನಾಗಿ ಬರುತ್ತದೆ.

ದೇವಿಮನೆ ಘಟ್ಟ ಇಳಿದು ಬಂದರೆ ನಾನೇ ಮಾಡಿಕೊಡುತ್ತೇನೆ. ಆದರೆ ಪಾಸ್‌ವರ್ಡ್ ಬದಲಿಸಲು ಅಲ್ಲಿವರೆಗೆ ಕಾಯಬೇಡಿ.

ಅಂಕೋಲಾ ಮೇಷ್ಟ್ರು

ರಿಪೇರಿಯವರು ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ನಮ್ಮ ಹುಡುಗನೊಬ್ಬ ಏನೂ ಇಳಿಸದೆಯೇ ಸಿಕ್ಕಿಬಿದ್ದ. ಯಾವುದೋ ತಾಣದಲ್ಲಿ "ನಾನು ರೋಬೋಟ್ ಅಲ್ಲ" ಎಂದು ಒತ್ತಿದನಂತೆ. ಅದು, ವಿಂಡೋಸ್ ಕೀ ಜೊತೆ ಆರ್ ಒತ್ತು, ಕಂಟ್ರೋಲ್ ವಿ ಒತ್ತು, ಎಂಟರ್ ಹೊಡಿ ಅಂದಿತು. ಹೊಡೆದ. ತಾನು ಅಂಟಿಸಿದ್ದು ಆ ತಾಣವೇ ಗುಟ್ಟಾಗಿ ಕಾಪಿ ಮಾಡಿಟ್ಟ, ಟ್ರೋಜನ್ ಕರೆಸುವ ಆಜ್ಞೆ ಎಂದು ಪಾಪ ಅವನಿಗೆ ಗೊತ್ತಿಲ್ಲ. ನಿಜವಾದ ಕ್ಯಾಪ್ಚಾ ಟ್ರಾಫಿಕ್ ಲೈಟ್, ಬಸ್ಸು ಹುಡುಕು ಅನ್ನುತ್ತದೆಯೇ ಹೊರತು ಕೀಬೋರ್ಡ್‌ನಲ್ಲಿ ಇಂಥ ಕಸರತ್ತು ಹೇಳುವುದಿಲ್ಲ.

ಇನ್ನೊಂದು, ಬ್ಯಾಕಪ್ ತೆಗೆದ ಪೆನ್‌ಡ್ರೈವ್. ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿ ಕಂಡರೆ ಒತ್ತಬೇಡಿ. ಅಸಲು ಫೋಲ್ಡರ್ ಅಡಗಿಸಿಟ್ಟು ನಕಲಿ ಎದುರಿಗೆ ಇಡುವ ಬೇರೆ ಜಾತಿಯ ಹುಳ ಅದು. ವ್ಯೂ ಮೆನುವಿನಲ್ಲಿ ಅಡಗಿದ ಫೈಲ್ ತೋರಿಸು ಎಂದು ಕೊಟ್ಟರೆ ಎಷ್ಟೋ ಸಲ ಎಲ್ಲ ಅಲ್ಲೇ ಇರುತ್ತವೆ. ಅಲ್ಲೇ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಅನ್ನೂ ಆನ್ ಮಾಡಿಡಿ. ಬಿಲ್ ಡಾಟ್ ಪಿಡಿಎಫ್ ಎಂದು ಕಂಡದ್ದರ ಬಾಲದಲ್ಲಿ ಡಾಟ್ ಇಎಕ್ಸ್‌ಇ ಇದ್ದರೆ ಆಗ ಗೊತ್ತಾಗುತ್ತದೆ.

ತೋಟದಮನೆ, ಶಿರಸಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಹನ್ನೊಂದರವರೆಗೆ ಕೂತೆ. ಜಿಮೇಲ್ ಸಿಕ್ಕಿತು. ರಿಕವರಿ ಮೇಲ್ ಬದಲಾಗಿತ್ತು, ಸರಿ ಮಾಡಿದೆ. ಫೇಸ್‌ಬುಕ್ ಇನ್ನೂ ಸಿಕ್ಕಿಲ್ಲ, ಭಾವನಿಗೆ ಹೇಳಿ ರಿಪೋರ್ಟ್ ಮಾಡಿಸಿದ್ದೇನೆ. ಬ್ಯಾಂಕ್ ಪಾಸ್‌ವರ್ಡ್ ನಾನು ಉಳಿಸಿರಲಿಲ್ಲ, ಬಚಾವ್.

ಎಕ್ಸ್‌ಕ್ಲೂಷನ್ಸ್‌ನಲ್ಲಿ ಏನಿತ್ತು ಗೊತ್ತಾ? ಇಡೀ ಸಿ ಡ್ರೈವ್! ಆಂಟಿವೈರಸ್ ಏನೂ ನೋಡದೆಯೇ ಏನೂ ಇಲ್ಲ ಎಂದಿದ್ದು. ಅದನ್ನು ತೆಗೆದು ಆಫ್‌ಲೈನ್ ಸ್ಕ್ಯಾನ್ ಕೊಟ್ಟರೆ ಎರಡು ಸಿಕ್ಕವು. ಹೊಸ ಪಾಸ್‌ವರ್ಡ್‌ಗಳನ್ನು ಮನೆಯವಳ ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಬರೆದಿದ್ದೇನೆ. ಅದು ತಪ್ಪಾ?

ಕುಮಟಾ ರಿಪೇರಿ

ಲುಮ್ಮಾದವನು ನಿಮ್ಮ ಹಾಲಿನ ಪುಸ್ತಕ ಓದಲು ಶಿರಸಿಗೆ ಬರುವುದಿಲ್ಲ. ಇರಲಿ ಬಿಡಿ. ಆ ಜಿಪ್ ಫೈಲ್ ಬೇರೆ ಯಾರಿಗಾದರೂ ಕಳಿಸಿದ್ದೀರಾ?

ತೋಟದಮನೆ, ಶಿರಸಿ

ಭಾವನಿಗೆ ಕಳಿಸಿದ್ದೆ. ಈಗಲೇ ಫೋನ್ ಮಾಡುತ್ತೇನೆ.