ಅಪ್‌ಡೇಟ್: ಅಪ್ಪನ ಫಿಟ್ಸ್‌ಗೆ ಕೊನೆಗೂ ಡಾಕ್ಟರ್ ಸಿಕ್ಕರು

ಕೋಲಾರದ ಹತ್ತಿರ ಆಯುಷ್ಮಾನ್ ಕಾರ್ಡ್ ನಡೆಯುವ ನರರೋಗ ಡಾಕ್ಟರ್ ಯಾರಿದ್ದಾರೆ ಅಂತ ಹೋದ ತಿಂಗಳು ಈ ಗುಂಪಿನಲ್ಲಿ ಕೇಳಿದ್ದೆ. ಒಂದು ಖಾಸಗಿ ಆಸ್ಪತ್ರೆಗೆ ಹೋದರೆ, ‘ಅಡ್ಮಿಟ್ ಆದರೆ ಮಾತ್ರ ಕಾರ್ಡ್, ಓಪಿಡಿಗೆ ದುಡ್ಡು ಕಟ್ಟಿ’ ಅಂದರು. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷ ಅಂದರೂ, ಸುಮ್ನೆ ತೋರಿಸಿಕೊಂಡು ಬರೋದಕ್ಕೆ ಅದು ಬರುವುದಿಲ್ಲವಂತೆ. ನನಗೆ ಗೊತ್ತೇ ಇರಲಿಲ್ಲ.

ನೀವು ಹೇಳಿದ ಹಾಗೆ ಜಿಲ್ಲಾ ಆಸ್ಪತ್ರೆಯ ಬ್ರೇನ್ ಹೆಲ್ತ್ ಕ್ಲಿನಿಕ್‌ಗೆ ಹೋದೆವು. ಡಾಕ್ಟರ್ ಹಳೇ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಓದಿದರು, ಮಾತ್ರೆ ಬದಲಿಸಿದರು. ಇಇಜಿ (ತಲೆಗೆ ವೈರ್ ಅಂಟಿಸಿ ಮಾಡುವ ಮೆದುಳಿನ ಪರೀಕ್ಷೆ) ಮಾಡಿಸೋಕೆ ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದಾರೆ. ಪರೀಕ್ಷೆಯ ದಿನ ತಲೆಗೆ ಎಣ್ಣೆ ಹಚ್ಚಬಾರದಂತೆ. ದಿನಾ ಕೊಬ್ಬರಿ ಎಣ್ಣೆ ಮೆತ್ತಿಕೊಳ್ಳುವ ಅಪ್ಪನಿಗೆ ಈಗ ಅದೇ ದೊಡ್ಡ ಚಿಂತೆ!

ಇಲ್ಲಿ ಮನೋರೋಗ ಡಾಕ್ಟರ್ ಬಗ್ಗೆ ಕೇಳಿದ್ದ ಅಕ್ಕ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.