ಸಹಾಯ ಬೇಕು: ‘ಸೆಟ್’ ಪದವನ್ನು ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ಗದಗ ಬೆಟಗೇರಿಯಲ್ಲಿ ಸಂಜೆ ಮನೆಯಲ್ಲೇ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಈ ವಾರ ‘ಸೆಟ್’ ಅನ್ನೋ ಮೂರಕ್ಷರದ ಪದ ನನ್ನ ತಲೆ ತಿಂದಿದೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಇದೊಂದಕ್ಕೇ 430ಕ್ಕೂ ಜಾಸ್ತಿ ಅರ್ಥಗಳಿವೆ. ಅಷ್ಟೆಲ್ಲ ಬೇಡ, ಎಂಟು ಹತ್ತು ತಲೆಗೆ ಹೋದರೆ ಸಾಕು.

ಮೊದಲು ಪಟ್ಟಿ ಬರೆಸಿದೆ, ಮಾರನೇ ದಿನ ಮರೆತರು. ಆಮೇಲೆ ‘ಸಿಟ್’ ಅಂದರೆ ಕೂಡ್ರು, ‘ಸೆಟ್’ ಅಂದರೆ ಕೂಡ್ರಿಸು, ಎರಡೂ ಒಂದೇ ಬೇರಿನವು ಅಂತ ಹೇಳಿದೆ. ಇದು ಹಿಡಿಸಿತು. ಉಂಗುರಕ್ಕೆ ಹರಳು ಕೂಡ್ರಿಸೋದು, ಮುರಿದ ಎಲುಬು ಕೂಡ್ರಿಸೋದು, ಎಲ್ಲ ಸರಿಹೋಯ್ತು. ಹೊತ್ತು ಮುಳುಗೋದಕ್ಕೂ ‘ಸೂರ್ಯ ಕೂತ’ ಅಂತ ಒಬ್ಬಳು ತಾನೇ ಹೇಳಿದಳು.

ಸಿಕ್ಕಿಕೊಂಡಿದ್ದು ‘ಸೆಟ್ ಆಫ್’ ಹತ್ತಿರ. ಊರಿಗೆ ಹೊರಟರೂ ಅದೇ, ಪಟಾಕಿ ಹಾರಿಸಿದರೂ ಅದೇ. ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ‘ಅಣ್ಣ ಪಟಾಕಿ ತಗೊಂಡು ಊರಿಗೆ ಹೊರಟ’ ಅಂತ ಬರೆದಿದ್ದಾನೆ! ನಕ್ಕೆ. ಆದರೆ ತಪ್ಪು ಯಾಕೆ ಅಂತ ವಿವರಿಸೋಕೆ ನನಗೂ ಬರಲಿಲ್ಲ. ‘ಸೆಟ್ ಇನ್’ ಸುಲಭ, ಮಳೆ ಹಿಡೀತು ಅಂದರೆ ಮುಗೀತು.

ನಮ್ಮ ‘ಹತ್ತು’ ಕೂಡ ಹಿಂಗೇ ಅಲ್ವಾ? ಬಸ್ ಹತ್ತು, ಬೆಂಕಿ ಹತ್ತಿತು, ಅಳೋಕೆ ಹತ್ತಿದ, ಐದೆರಡ್ಲಿ ಹತ್ತು. ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ.

ಇಂಗ್ಲಿಷ್ ಕಲಿಸುವವರು ದಯವಿಟ್ಟು ಹೇಳಿ: ‘ಸೆಟ್ ಆಫ್’ನ ಈ ಎರಡು ಅರ್ಥಗಳನ್ನು ಜೋಡಿಸೋ ಎಳೆ ಏನಾದರೂ ಇದೆಯಾ, ಇಲ್ಲಾ ಸುಮ್ನೆ ಬೇರೆ ಬೇರೆ ವಾಕ್ಯ ಮಾಡಿ ಬಾಯಿಪಾಠ ಮಾಡಿಸಲಾ? ಮಕ್ಕಳು ಏಳನೇ ಕ್ಲಾಸಿನವರು.