ಕಾರಿನ ಸೀಟಿನ ಕೆಳಗಿನ ಗುಪ್ತ ಜಾಗ: ಗುಂಪಿನ ಪ್ರಶ್ನೆಗಳು, ಗ್ಯಾರೇಜಿನ ಉತ್ತರಗಳು

ಈ ವಾರದ ಪ್ರಶ್ನೋತ್ತರಕ್ಕೆ ಕುಮಟಾದಲ್ಲಿ ಕಾರಿನ ಸೀಟು, ಕಾರ್ಪೆಟ್, ವೈರಿಂಗ್ ಕೆಲಸ ಮಾಡುವ ನಮ್ಮ ಸದಸ್ಯರು ಸಿಕ್ಕಿದ್ದಾರೆ. ಸೀಟಿನ ಕೆಳಗಿನ ಜಾಗದ ಬಗ್ಗೆ ಏನು ಬೇಕಾದರೂ ಕೇಳಿ.

ಪ್ರಶ್ನೆ (ಅಂಕೋಲಾ): ಅಣ್ಣಾ, ಹಳೆ ವ್ಯಾಗನ್‌ಆರ್ ತಗೊಂಡಿದ್ದೇನೆ. ಒಳಗೆ ಗುಡಿಸುವಾಗ ಎಡಗಡೆ ಮುಂದಿನ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಟ್ರೇ ಕಂಡಿತು. ಮಾರಿದವರಿಗೇ ಅದು ಇರುವುದು ಗೊತ್ತಿರಲಿಲ್ಲ! ಕಂಪನಿಯದ್ದೇನಾ? ಅದರಲ್ಲಿ ಏನು ಇಡಬಹುದು? ಡ್ರೈವರ್ ಸೀಟಿನ ಕೆಳಗೂ ಅಂಥದ್ದೊಂದು ಹಾಕಿಸಬಹುದಾ?

ಉತ್ತರ: ಕಂಪನಿಯದ್ದೇ ತಮ್ಮಾ. ಜಪಾನಿನ ವ್ಯಾಗನ್‌ಆರ್‌ನಲ್ಲಿ ಕೂರುವ ಮೆತ್ತೆ ಎತ್ತಿದರೆ ಕೆಳಗೆ ಹಿಡಿಕೆ ಇರುವ ಬಕೆಟ್ಟೇ ಇರುತ್ತದೆ. ಅಲ್ಲಿಯವರು ಅದರಲ್ಲಿ ಚಪ್ಪಲಿ, ಶೂ ಇಡುತ್ತಾರೆ. ನಮ್ಮಲ್ಲಿ ಬಂದಿದ್ದು ಟ್ರೇ. ಸ್ಕೋಡಾ ಆಕ್ಟೇವಿಯಾದಲ್ಲಿ ಇದೇ ಜಾಗದಲ್ಲಿ ಕೊಡೆ ಇಡಲು ಗೂಡು ಮಾಡಿದ್ದರು. ಕಾರಿನ ಪುಸ್ತಕ ಯಾರೂ ಓದುವುದಿಲ್ಲ. ಹಾಗಾಗಿ ಎಷ್ಟೋ ಜನ ಇಂಥದ್ದನ್ನು ಒಮ್ಮೆಯೂ ಎಳೆದು ನೋಡದೆ ಕಾರು ಮಾರಿಬಿಡುತ್ತಾರೆ.

ಏನು ಇಡಬಹುದು ಅಂದರೆ, ಚಪ್ಪಟೆಯಾಗಿರುವುದು, ಹಗುರವಾಗಿರುವುದು, ದಿನಾ ಬೇಡದ್ದು. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಗಾಡಿ ಕೆಟ್ಟು ನಿಂತಾಗ ಹಿಂದೆ ರಸ್ತೆಯಲ್ಲಿ ಇಡುವ ಮಡಚುವ ಕೆಂಪು ತ್ರಿಕೋನ, ರೇನ್‌ಕೋಟ್, ಹಳೆ ಟವೆಲ್, ಒಂದು ಟಾರ್ಚ್. ಮೊದಲ ಎರಡನ್ನು ಹೊಸ ಕಾರಿನ ಜೊತೆಗೇ ಕೊಡುತ್ತಾರೆ. ಜನ ಅವನ್ನು ಡಿಕ್ಕಿಯಲ್ಲಿ ಸಾಮಾನಿನ ಅಡಿಗೆ ಹಾಕುತ್ತಾರೆ. ಘಟ್ಟದ ತಿರುವಿನಲ್ಲಿ ಪಂಕ್ಚರ್ ಆದಾಗ ಮೂಟೆಯೆಲ್ಲ ಇಳಿಸಿ ತ್ರಿಕೋನ ಹುಡುಕುವ ಹೊತ್ತಿಗೆ ಹಿಂದಿನಿಂದ ಲಾರಿ ಬಂದಿರುತ್ತದೆ.

ಡ್ರೈವರ್ ಸೀಟಿನ ಕೆಳಗೆ ಮಾತ್ರ ಏನೂ ಬೇಡ. ದೇವಿಮನೆ ಘಟ್ಟವನ್ನೇ ತಗೊಳ್ಳಿ. ಶಿರಸಿ ಕಡೆ ಹತ್ತುವಾಗ ಸೀಟಿನ ಕೆಳಗಿನ ಅರ್ಧ ಲೀಟರ್ ನೀರಿನ ಬಾಟಲಿ ಹಿಂದಕ್ಕೆ ಉರುಳಿ ಸುಮ್ನೆ ಬಿದ್ದಿರುತ್ತದೆ. ಅದೇ ಬಾಟಲಿ ಕುಮಟಾ ಕಡೆ ಇಳಿಯುವಾಗ ಪ್ರತಿ ಬ್ರೇಕಿಗೂ ಒಂದೊಂದು ಗೇಣು ಮುಂದೆ ಬರುತ್ತದೆ. ಕೊನೆಗೆ ನಿಮ್ಮ ಹಿಮ್ಮಡಿಗೆ ತಾಗಿ, ಬ್ರೇಕ್ ಪೆಡಲಿನ ಹಿಂದೆ ಹೋಗಿ ನಿಲ್ಲುತ್ತದೆ. ಆಮೇಲೆ ನೀವು ಒತ್ತಿದರೂ ಪೆಡಲು ಪೂರ್ತಿ ಕೆಳಗೆ ಹೋಗುವುದಿಲ್ಲ. ಬಾಟಲಿ ತುಂಬಿದ್ದರಂತೂ ಕಲ್ಲು ಇಟ್ಟ ಹಾಗೆ. ಎಡಗಡೆಯ ಟ್ರೇಗೆ ಮುಂದೆ ಅಂಚು ಇದೆ, ಅದರ ಮುಂದೆ ಪೆಡಲೂ ಇಲ್ಲ. ಬಲಗಡೆಗೆ ಆ ಎರಡೂ ರಕ್ಷಣೆ ಇಲ್ಲ.

ಪ್ರಶ್ನೆ (ಶಿರಸಿ): ನಮ್ಮದು ಓಮ್ನಿ. ಸೀಟು ಎತ್ತಿದರೆ ಕೆಳಗೆ ಇಂಜಿನ್ನೇ ಕಾಣುತ್ತದೆ 😀 ನಮಗೆ ಗುಪ್ತ ಜಾಗ ಎಲ್ಲಿ?

ಉತ್ತರ: ನಿಮಗೆ ಸಿಕ್ಕಿದ್ದು ಗುಪ್ತ ಒಲೆ ಮಾರಾಯ್ರೆ. ಓಮ್ನಿ, ಈಕೋ ಎರಡರಲ್ಲೂ ಇಂಜಿನ್ ಮುಂದಿನ ಸೀಟಿನ ಅಡಿಗೇ. ಅಲ್ಲಿ ಬಟ್ಟೆ ಚೂರು, ಪ್ಲಾಸ್ಟಿಕ್ ಚೀಲ, ಎಣ್ಣೆ ಡಬ್ಬಿ ತುರುಕಬೇಡಿ. ಒರೆಸಿದ ಬಟ್ಟೆಯನ್ನು ಅಲ್ಲೇ ಮರೆತು ಸೀಟು ಮುಚ್ಚಿದ ಗಾಡಿಗಳು ನಮ್ಮ ಗ್ಯಾರೇಜಿಗೆ ಸುಟ್ಟ ವಾಸನೆ ಅಂತ ಬರುತ್ತವೆ. ಹಿಂದಿನ ಸೀಟಿನ ಕೆಳಗೆ ಬೇಕಾದರೆ ಇಡಿ.

ಪ್ರಶ್ನೆ (ಹೊನ್ನಾವರ): ಹೊಸ ಕಾರಿನ ಸೀಟಿನ ಕೆಳಗೆ ಹಳದಿ ಪ್ಲಗ್ ಒಂದಿದೆ. ಮಕ್ಕಳ ಆಟಿಕೆ ಪೆಟ್ಟಿಗೆ ತಳ್ಳಿದ ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಿದೆ. ಸಂಬಂಧ ಇರಬಹುದಾ?

ಉತ್ತರ: ಇದೆ ಅಂತಲೇ ಇಟ್ಟುಕೊಳ್ಳಿ ಅಕ್ಕಾ. ಹಳದಿ ಪ್ಲಗ್, ಹಳದಿ ಕೊಳವೆಯೊಳಗಿನ ವೈರು ಅಂದರೆ ಏರ್‌ಬ್ಯಾಗಿನದು. ಪೆಟ್ಟಿಗೆ ತಾಗಿ ಆ ಪ್ಲಗ್ ಸ್ವಲ್ಪ ಸಡಿಲವಾದರೂ ಕಾರಿಗೆ ಗೊತ್ತಾಗುತ್ತದೆ, ದೀಪ ಹಚ್ಚುತ್ತದೆ. ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚದೇ ಇರಬಹುದು. ನೀವೇ ಎಳೆದು ಕೂರಿಸಲು ಹೋಗಬೇಡಿ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಪ್ಲಗ್ ಮುಟ್ಟುವ ಕೆಲಸ ಅದು. ನಂತರ ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರಿನಲ್ಲಿ ಉಳಿದ ದೋಷದ ಕೋಡ್ ಅಳಿಸಬೇಕು.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆ ಕಡ್ಡಾಯ ಆಯಿತು. ಹಾಗಾಗಿ ಎಡ ಸೀಟಿನ ಕೆಳಗೂ ವೈರು ಜಾಸ್ತಿ. ಮಾರುತಿಯ ಸಿಯಾಜ್, ಎರ್ಟಿಗಾದ ಸ್ಮಾರ್ಟ್ ಹೈಬ್ರಿಡ್ (ಇಂಜಿನ್ನಿಗೆ ಬ್ಯಾಟರಿಯ ಸಣ್ಣ ಸಹಾಯ ಇರುವ) ಪೆಟ್ರೋಲ್ ಮಾದರಿಗಳಲ್ಲಿ ಆ ಸೀಟಿನ ಕೆಳಗೆ ಲೀಥಿಯಂ ಬ್ಯಾಟರಿಯೇ ಕೂತಿರುತ್ತದೆ. ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ಕೆಲವು ಕಾರುಗಳಲ್ಲಿ ಹಿಂದೆ ಕೂತವರ ಕಾಲಿಗೆ ಗಾಳಿ ಬರುವ ಕೊಳವೆಯೂ ಅಲ್ಲೇ ಇರುತ್ತದೆ. ಅದರ ಬಾಯಿಗೆ ಚೀಲ ಒತ್ತಿಟ್ಟು, ಆಮೇಲೆ ಎಸಿ ಸರಿ ಇಲ್ಲ ಅಂತ ಬರಬೇಡಿ.

ಪ್ರಶ್ನೆ (ಕಾರವಾರ): ಸೀಟಿನ ಮೆತ್ತೆಯ ಕೆಳಗೆ ಹೊರಗಿನಿಂದ ಕಾಣದ ಹಾಗೆ ತಗಡಿನ ಪೆಟ್ಟಿಗೆ ವೆಲ್ಡ್ ಮಾಡಿಸಬೇಕಿತ್ತು. ನೀವು ಮಾಡಿಕೊಡುತ್ತೀರಾ?

ಇನ್ನೊಬ್ಬರು (ಸದಾಶಿವಗಡ): ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟುವ ಪ್ಲಾನಾ ಮಾರಾಯಾ? 😂

ಕೇಳಿದವರು: ಛೆ ಛೆ, ಅಡಿಕೆ ಮಾರಿದ ದುಡ್ಡು ತರುವುದಕ್ಕೆ.

ಉತ್ತರ: ಯಾವುದಕ್ಕೇ ಆಗಲಿ, ನಾನು ಮಾಡುವುದಿಲ್ಲ. ಗೋವಾ ಗಡಿಯ ಜಿಲ್ಲೆಯಲ್ಲಿ ಇರುವ ನಮ್ಮನ್ನು ಇಂಥದ್ದು ಕೇಳುವವರು ಆಗಾಗ ಬರುತ್ತಾರೆ. ತಪಾಸಣೆಯವರಿಗೆ ಹೊಸ ವೆಲ್ಡಿಂಗ್, ಹೊಸ ಬಣ್ಣ, ಒಂದೇ ಕಡೆ ಎತ್ತರವಾದ ಮೆತ್ತೆ ಕಣ್ಣಿಗೆ ಬೀಳದೇ ಇರುವುದಿಲ್ಲ. ಸೀಟು ಬಿಚ್ಚಿ ನೋಡುವುದು ಅವರ ದಿನದ ಕೆಲಸ. ಮದ್ಯ ಸಿಕ್ಕಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಗಾಡಿಯೇ ಮುಟ್ಟುಗೋಲು. ಏನೂ ಸಿಗದಿದ್ದರೂ ಪೆಟ್ಟಿಗೆ ಯಾಕೆ ಅಂತ ಅಲ್ಲಿ ನಿಂತು ಉತ್ತರ ಹೇಳುವವರು ನೀವೇ. ಕಾರು ಮಾರಿದ ಮೇಲೆ ಆ ಕೆಲಸ ಏನೂ ಅರಿಯದ ಮುಂದಿನವರಿಗೆ.

ಅದು ಬಿಡಿ. ನನಗೆ ಹೆದರಿಕೆ ಇರುವುದು ಬೆಂಕಿಯದ್ದು. ಸೀಟಿನ ಸ್ಪಂಜು ವೆಲ್ಡಿಂಗ್ ಕಿಡಿಗೆ ತಕ್ಷಣ ಹೊತ್ತಿಕೊಳ್ಳುತ್ತದೆ. ನೆಲಕ್ಕೆ ತೂತು ಹೊಡೆದರೆ ಅದರ ಕೆಳಗೇ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹೋಗಿರುತ್ತವೆ. ತೂತಿನ ಸುತ್ತ ಬಣ್ಣ ಎದ್ದರೆ ನಮ್ಮ ಉಪ್ಪು ಗಾಳಿಗೆ ಒಂದೇ ಮಳೆಗಾಲ ಸಾಕು, ತುಕ್ಕು ಹರಡಲು. ಇನ್ನು ಸೀಟಿನ ಚೌಕಟ್ಟನ್ನೇ ಕತ್ತರಿಸಿದರೆ ಅಪಘಾತದಲ್ಲಿ ಅದು ತಡೆಯಬೇಕಾದ ಭಾರ ತಡೆಯುವುದಿಲ್ಲ. ಕಂಪನಿ ಮಾಡಿದ್ದನ್ನು ಹೀಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಅಡ್ಡ ಬರುತ್ತದೆ.

ಅಡಿಕೆ ದುಡ್ಡನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿ. ಕೈಯಲ್ಲಿ ತರಲೇಬೇಕಾದರೆ ಮೈಮೇಲೆ ಇರಲಿ.

ಪ್ರಶ್ನೆ (ಯಲ್ಲಾಪುರ): ಗೋಕರ್ಣಕ್ಕೆ ಬಂದಾಗ ಸಮುದ್ರಕ್ಕೆ ಇಳಿಯುವ ಮೊದಲು ಮೊಬೈಲು, ಪರ್ಸು ಎಲ್ಲ ಸೀಟಿನ ಕೆಳಗೇ ಹಾಕುತ್ತೇವೆ. ಅಷ್ಟೂ ಬೇಡವಾ?

ಉತ್ತರ: ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಗುಪ್ತ ಜಾಗ ಅಂತ ನಮಗೆ ಅನಿಸಿದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ? ಬಿಡಲೇಬೇಕಾದರೆ ಪಾರ್ಕಿಂಗಿಗೆ ಬರುವ ಮೊದಲೇ ಎಲ್ಲಾದರೂ ನಿಲ್ಲಿಸಿ ಡಿಕ್ಕಿಗೆ ಹಾಕಿಕೊಂಡು ಬನ್ನಿ. ಪಾರ್ಕಿಂಗಿನಲ್ಲೇ ಬಗ್ಗಿ ಬಚ್ಚಿಟ್ಟರೆ ನೋಡುವವರು ನೋಡಿಯೇ ನೋಡುತ್ತಾರೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಎರಡನೇ ಕೀಲಿಯನ್ನು ಸೀಟಿನ ಕೆಳಗೆ ಇಡಲೇಬೇಡಿ. ಗಾಜು ಒಡೆದವನಿಗೆ ಕಾರೇ ಸಿಗುತ್ತದೆ. ಪವರ್‌ಬ್ಯಾಂಕು, ಲೈಟರು, ಸ್ಪ್ರೇ ಡಬ್ಬಿ ಕೂಡ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಅವನ್ನು ಬಿಡುವುದು ಅಪಾಯ.

ಪ್ರಶ್ನೆ (ಭಟ್ಕಳ): ಆರ್‌ಸಿ, ಇನ್ಶೂರೆನ್ಸ್ ಕಾಗದ ಅಲ್ಲಿಡಬಹುದಾ?

ಉತ್ತರ: ಬೇಡ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. 2018ರಿಂದ ಮೊಬೈಲಿನ ಡಿಜಿಲಾಕರ್, ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ ಒಂದು ಸೆಟ್ ಗ್ಲೌ ಬಾಕ್ಸಿನಲ್ಲಿ ಇರಲಿ.

ಪ್ರಶ್ನೆ (ಕಾರವಾರ, ಟ್ಯಾಕ್ಸಿ): ಗಾಜು ಒಡೆಯುವ ಸುತ್ತಿಗೆ ತಂದಿದ್ದೇನೆ. ಸೀಟಿನ ಕೆಳಗೆ ಕ್ಲಿಪ್ ಹಾಕಿ ಕೂರಿಸಲಾ?

ಉತ್ತರ: ಬೆಲ್ಟ್ ಕಟ್ಟಿಕೊಂಡು ಕೂತು ಅಲ್ಲಿಗೆ ಕೈ ಚಾಚಿ ನೋಡಣ್ಣ. ಸಿಗುವುದಿಲ್ಲ. ನೀರಿನಲ್ಲಿ, ಓರೆಯಾಗಿ ನಿಂತ ಗಾಡಿಯಲ್ಲಿ ಕೇಳುವುದೇ ಬೇಡ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ಬಿತ್ತಲ್ಲ, ಆಮೇಲೆ ಈ ಸುತ್ತಿಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಗೇರಿನ ಹತ್ತಿರ ಅಥವಾ ಬಾಗಿಲಿನ ಜೇಬಿನಲ್ಲಿ, ಉರುಳದ ಹಾಗೆ ಇಡು. ಹೊಡೆಯುವುದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಬಿರುಕು ಬಿಟ್ಟರೂ ಉದುರುವುದಿಲ್ಲ.

ಪ್ರಶ್ನೆ (ಸಿದ್ದಾಪುರ): ಎಡಗಡೆ ಸೀಟಿನ ಕೆಳಗೆ ಇಟ್ಟಿದ್ದೆಲ್ಲ ಒದ್ದೆ. ಕಾರು ತೊಳೆದಿಲ್ಲ, ಗಾಜೂ ಮುಚ್ಚಿತ್ತು. ನೀರು ಎಲ್ಲಿಂದ?

ಉತ್ತರ: ಮೊದಲ ಅನುಮಾನ ಎಸಿ ನೀರಿನ ಮೇಲೆ. ಎಸಿಯ ತಣ್ಣನೆ ಸುರುಳಿ ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಇರುತ್ತದೆ. ಅದರ ಮೇಲೆ ಕೂಡುವ ನೀರು ಸಣ್ಣ ರಬ್ಬರ್ ನಳಿಗೆಯಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ನಳಿಗೆಗೆ ಧೂಳು, ಎಲೆ ಪುಡಿ ಕಟ್ಟಿದರೆ ನೀರು ಒಳಗೆ ತಿರುಗಿ ಕಾರ್ಪೆಟ್ಟಿಗೆ ಇಳಿಯುತ್ತದೆ. ಸೆಕೆಯ ಮಧ್ಯಾಹ್ನ ಎಸಿ ಹಾಕಿ ಕಾಲು ಗಂಟೆ ನಿಲ್ಲಿಸಿ. ಕಾರಿನ ಕೆಳಗೆ ನೆಲ ಒಣಗಿಯೇ ಇದ್ದರೆ ನಳಿಗೆ ಕಟ್ಟಿದೆ ಅಂತ ತಿಳಿಯಿರಿ. ನೀರನ್ನು ಬೆರಳಿಗೆ ಹಚ್ಚಿಯೂ ನೋಡಿ. ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಇಂಜಿನ್ ತಂಪು ಮಾಡುವ ಕೂಲಂಟ್. ಆಗ ಓಡಿಸಬೇಡಿ, ಗ್ಯಾರೇಜಿಗೆ ಫೋನ್ ಮಾಡಿ.

ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅದರ ಕೆಳಗಿನ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಅಂಚು ಎತ್ತಿ ಪೇಪರ್ ತುರುಕಿ, ಒದ್ದೆಯಾದ ಹಾಗೆ ಬದಲಿಸಿ. ನಿಮ್ಮ ಕಡೆ ಇನ್ನೊಂದು ಕಾಟ ಇಲಿಯದ್ದು. ಸೀಟಿನ ಕೆಳಗೆ ಬಿಸ್ಕಿಟ್, ಶೇಂಗಾ ಬಿದ್ದಿದ್ದರೆ ಇಲಿ ಬರುತ್ತದೆ. ತಿಂಡಿ ಮುಗಿದ ಮೇಲೆ ವೈರು ಕಡಿಯುತ್ತದೆ.

ಪ್ರಶ್ನೆ (ಕುಮಟಾ): ಹಿಂದಿನ ಸೀಟು ಎತ್ತಿದಾಗ ನೆಲದಲ್ಲಿ ಒಂದು ದುಂಡನೆ ಮುಚ್ಚಳ ಕಂಡಿತು. ಅದೂ ಗುಪ್ತ ಜಾಗವಾ?

ಉತ್ತರ: ಅಲ್ಲ! ಬಹಳಷ್ಟು ಕಾರುಗಳಲ್ಲಿ ಅದರ ಕೆಳಗೆ ಪೆಟ್ರೋಲ್ ಪಂಪು ಇರುತ್ತದೆ. ಮುಟ್ಟದೆ ಬಿಡಿ. ಮ್ಯಾಟ್ ಹಾಕುವವರು ಅದರ ಮೇಲೆ ಅಂಟು ಹಚ್ಚದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ (ಕಾರವಾರ): ಭಾನುವಾರದ ಸಂತೆಯಿಂದ ಬಂಗುಡೆ ತಂದು ಸೀಟಿನ ಕೆಳಗಿನ ಟ್ರೇಯಲ್ಲಿ ಇಟ್ಟಿದ್ದೆವು, ಚೀಲ ಸೋರಿತು. ಸೆಂಟ್ ಹೊಡೆದರೂ ವಾಸನೆ ಹೋಗುತ್ತಿಲ್ಲ.

ಉತ್ತರ: ಸೆಂಟ್ ಹೊಡೆದರೆ ಸೆಂಟ್ ಹಾಕಿಕೊಂಡ ಬಂಗುಡೆ ಆಗುತ್ತದೆ ಅಷ್ಟೇ. ಬಿಸಿನೀರು ಬೇಡ, ವಾಸನೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ಟ್ರೇ ಹೊರಗೆ ತೆಗೆದು ತಣ್ಣೀರಿನಲ್ಲಿ ತೊಳೆದು ಬಿಸಿಲಿಗೆ ಇಡಿ. ಕಾರ್ಪೆಟ್ಟಿಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ಒತ್ತಿ ಒರೆಸಿ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಸ್ಪಂಜಿಗೆ ಇಳಿದಿದ್ದರೆ ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆಯಲೇಬೇಕು. ಮುಂದಿನ ಸಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಡಿಕ್ಕಿಯಲ್ಲಿ ತನ್ನಿ. ಕಾರು ಬಿಡುವುದಾದರೆ ಸೋಮವಾರ ಬನ್ನಿ. ಭಾನುವಾರ ನಾನೂ ಮೀನು ಪೇಟೆಯಲ್ಲೇ ಇರುತ್ತೇನೆ.